ಸೊಸೆಯ ಲೋಟದ ಕಾಫಿ

ನಾನು ಕೈಯಾರೆ ಮಾಡಿಕೊಟ್ಟ ಕಾಫಿಯನ್ನು ಸೊಸೆಯಾದವಳು ಹಿತ್ತಲಿಗೆ ಒಯ್ದು ಕರಿಬೇವಿನ ಗಿಡದ ಬುಡಕ್ಕೆ ಸುರಿಯುವುದನ್ನು ಕಣ್ಣಾರೆ ಕಂಡರೆ ಯಾವ ಅತ್ತೆ ಸುಮ್ಮನಿರುತ್ತಾಳೆ? ನಾನಂತೂ ಸುಮ್ಮನಿರುವ ಪೈಕಿ ಅಲ್ಲ. ಮೊಳಕಾಲ್ಮೂರಿನ ನಮ್ಮ ನೇಕಾರರ ಬೀದಿಯಲ್ಲಿ ಬೊಮ್ಮಕ್ಕನ ಬಾಯಿ ಮಗ್ಗದ ಸದ್ದಿಗಿಂತ ಜೋರು ಎಂದು ನಮ್ಮ ಯಜಮಾನರೇ ಹೇಳುತ್ತಾರೆ.

"ಏನೇ ಶ್ರೀವಾಣಿ! ನನ್ನ ಕಾಫಿಗೆ ಏನು ರೋಗ ಬಂದೈತೆ? ಚಳ್ಳಕೆರೆಯೋರ ನಾಲಿಗೆಗೆ ನಮ್ಮನೆ ಕಾಫಿ ಹಿಡಿಸ್ಲಿಲ್ವೋ?"

ಚಳ್ಳಕೆರೆಯಿಂದ ಬಂದ ನನ್ನ ಸೊಸೆ ಕಾಫಿಯ ಹುಚ್ಚಿ. ಮದುವೆಯಾಗಿ ಬಂದ ವಾರದಲ್ಲೇ ಅಡುಗೆಮನೆಯ ಫಿಲ್ಟರನ್ನು ತನ್ನ ವಶಕ್ಕೆ ತೆಗೆದುಕೊಂಡವಳು. ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಅದರ ಮುಂದೆಯೇ ನಿಂತಿರುತ್ತಾಳೆ, ಮುಚ್ಚಳ ತೆಗೆದು ವಾಸನೆ ನೋಡುತ್ತಾಳೆ. ಅಂಥವಳು ಕಾಫಿ ಚೆಲ್ಲಿದಳೆಂದರೆ ಅದು ನನ್ನ ಮೇಲಿನ ಸಿಟ್ಟಲ್ಲದೆ ಇನ್ನೇನು ಎಂದುಕೊಂಡೆ. ಆದರೆ ಅವಳು ಓಡಿಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ನಿಮ್ ಕಾಲಿಗೆ ಬೀಳ್ತೀನಿ ಅತ್ತೆ, ಮೆಲ್ಲಗೆ" ಎನ್ನುತ್ತ ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ನಂಗೆ ಮೂರನೇ ತಿಂಗಳು. ಚಳ್ಳಕೆರೆ ಡಾಕ್ಟರಮ್ಮ, ನಿಮ್ ಮಗ ಬಿಟ್ರೆ ಯಾರಿಗೂ ಗೊತ್ತಿಲ್ಲ" ಅಂದಳು.

ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. ಅವಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದೆ. ನೆಟಿಗೆ ಮುರಿದ ಮೇಲೆ ಇನ್ನೊಂದು ಕೋಪ ಬಂತು. ಮಗ ಗೋಪಿಗೆ ಗೊತ್ತು, ಚಳ್ಳಕೆರೆಯ ಡಾಕ್ಟರಮ್ಮನಿಗೆ ಗೊತ್ತು, ಒಂದೇ ಸೂರಿನಡಿ ಇರುವ ನನಗೆ ಗೊತ್ತಿಲ್ಲ! ಹಾಗೆಂದು ಕೇಳಿಯೂ ಬಿಟ್ಟೆ. ಅವಳು ತಲೆ ತಗ್ಗಿಸಿದಳು.

"ಹೋದ ವರ್ಷದ್ದು ನೆನಪೈತಲ್ಲ ಅತ್ತೆ" ಅಂದಳು.

ಮರೆಯುವ ಸಂಗತಿಯೇ ಅದು? ಹೋದ ವರ್ಷ ಅವಳು ಬಸುರಿ ಎಂದು ತಿಳಿದ ದಿನವೇ ಬೀದಿಗೆಲ್ಲ ತಿಳಿದಿತ್ತು. ನಾಲ್ಕನೇ ತಿಂಗಳಲ್ಲಿ ಹೋಯಿತು. ಅದೂ ಬೀದಿಗೆಲ್ಲ ತಿಳಿಯಿತು. ಮಾತಾಡಿಸಲು ಬಂದವರು ಒಬ್ಬಿಬ್ಬರಲ್ಲ. ಏನು ತಿಂದೆ, ಎಲ್ಲಿ ಎಡವಿದೆ, ಯಾವ ಭಾರ ಎತ್ತಿದೆ ಎಂದು ಕೇಳಿದ್ದೇ ಕೇಳಿದ್ದು. ಎದುರುಮನೆ ಸೂರಮ್ಮ ನನ್ನ ವಾರಗೆಯವಳು, ವರಸೆಯಲ್ಲಿ ನಾದಿನಿ, ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಬಾಯಿ ನನ್ನದೇ ಜಾತಿ. "ಕಾಫಿ ಅಂದ್ರೆ ಉಷ್ಣ. ಆ ಪಾಟಿ ಕುಡಿದ್ರೆ ಹೊಟ್ಟೇಲಿ ಏನು ನಿಲ್ಲುತ್ತೆ?" ಎಂದುಬಿಟ್ಟಳು. ಶ್ರೀವಾಣಿ ಗೋಡೆ ಕಡೆ ತಿರುಗಿ ಮಲಗಿದವಳು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಆಮೇಲೆ ಎದ್ದಳು, ನಕ್ಕಳು, ಮತ್ತೆ ಕಾಫಿಯನ್ನೂ ಕುಡಿದಳು. ಆ ಮಾತು ಮಾತ್ರ ಅವಳೊಳಗೆ ಹಾಗೆಯೇ ಕೂತಿತ್ತೆಂದು ನನಗೆ ಗೊತ್ತಾದದ್ದು ಈಗ.

"ಡಾಕ್ಟರಮ್ಮ ಏನಂದ್ರು?" ಎಂದು ಕೇಳಿದೆ.

"ಹೋದ ಸಲದ್ದು ಕಾಫಿಯಿಂದ ಆಯ್ತು ಅಂತ ಯಾರೂ ಹೇಳೋಕೆ ಬರಲ್ಲ, ಅದನ್ನ ಮನಸಿಂದ ತೆಗೆದುಹಾಕು ಅಂದ್ರು. ಕಾಫಿ ಪೂರಾ ಬಿಡೋದೂ ಬ್ಯಾಡ್ವಂತೆ. ದಿನಕ್ಕೆ ಎರಡು ಸಣ್ಣ ಲೋಟ, ಅದೂ ಡಿಕಾಕ್ಷನ್ ಕಮ್ಮಿ ಹಾಕಿ. ಅದರ ಮೇಲೆ ಬ್ಯಾಡ. ಟೀ ಕುಡಿದ್ರೆ ಅದೂ ಲೆಕ್ಕಕ್ಕೆ ಬರುತ್ತೆ ಅಂದ್ರು." ಅವಳು ನನ್ನ ಕೈ ಹಿಡಿದುಕೊಂಡಳು. "ಐದನೇ ತಿಂಗಳಲ್ಲಿ ದೊಡ್ಡ ಸ್ಕ್ಯಾನಿಂಗ್ ಐತೆ. ಅಲ್ಲೀಗಂಟ ಬೀದೀಲಿ ಯಾರಿಗೂ ಗೊತ್ತಾಗೋದು ಬ್ಯಾಡ ಅತ್ತೆ. ಏನಾದ್ರೂ ಆದ್ರೆ ಆ ಮಾತುಗಳನ್ನ ಇನ್ನೊಂದು ಸಲ ಕೇಳೋ ಶಕ್ತಿ ನಂಗಿಲ್ಲ."

"ಏನೂ ಆಗಲ್ಲ, ಬಿಡ್ತು ಅನ್ನು" ಎಂದು ಗದರಿದೆ. ಆದರೆ ಮಾತು ಕೊಟ್ಟೆ.

ಕೊಟ್ಟ ಮೇಲೆ ಅದರ ಕಷ್ಟ ತಿಳಿಯಿತು. ನಮ್ಮಿಬ್ಬರದು ಮನೆಮನೆಗೆ ಹೋಗುವ ಕೆಲಸ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತಲೇ ಹಳೆಯ ಒಂದೊಂದು ಎಳೆಯ ತುದಿಗೂ ಹೊಸ ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಬೇಕು. ಸಾವಿರಾರು ರೇಷ್ಮೆ ಎಳೆ. ಎಳೆ ಜಾರದಂತೆ ಬೂದಿ ಮುಟ್ಟಿದ ಬೆರಳಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕೂತು ಹೊಸೆಯುತ್ತಾ ಹೋಗುತ್ತೇವೆ. ಎಳೆ ಕೂಡಿಸಲು ಬಂದವರಿಗೆ ಆ ಮನೆಯವರು ಬೆಳಿಗ್ಗೆ ಒಂದು ಸಲ, ಇಳಿಹೊತ್ತಿಗೆ ಒಂದು ಸಲ ಕಾಫಿ ಕೊಡಲೇಬೇಕು. ಬಂದವರು ಕುಡಿಯಲೇಬೇಕು. ಕುಡಿಯದೆ ಎದ್ದರೆ ಆ ಮಗ್ಗದಲ್ಲಿ ಎಳೆ ಕಡಿಯುತ್ತದೆ ಎಂದು ನಮ್ಮಲ್ಲೊಂದು ನಂಬಿಕೆ. ಇನ್ನು ಕಾಫಿಯ ಹುಚ್ಚಿ ಶ್ರೀವಾಣಿಯೇ ಬೇಡ ಎಂದರೆ? ಸಂಜೆಯೊಳಗೆ ಇಡೀ ಬೀದಿ ತಿಂಗಳು ಎಣಿಸುತ್ತಾ ಕೂರುತ್ತಿತ್ತು.

"ನಿನ್ ಪಾಲಿಂದೂ ನಾನೇ ಕುಡೀತೀನಿ" ಎಂದೆ. ದೊಡ್ಡ ವೀರನಾರಿಯಂತೆ!

ಉಪಾಯ ಸುಲಭ. ಮನೆಯಾಕೆ ಎರಡು ಲೋಟ ತಂದಿಟ್ಟು ಒಳಗೆ ಹೋಗುತ್ತಾಳೆ. ನಾನು ನನ್ನದನ್ನು ಗಟಗಟ ಕುಡಿದು ಖಾಲಿ ಲೋಟವನ್ನು ಅವಳ ಮುಂದಿಟ್ಟು, ಅವಳ ತುಂಬಿದ ಲೋಟ ನನ್ನ ಕಡೆಗೆ ಎಳೆದುಕೊಳ್ಳುವುದು. ಬಿಸಿ ಕಾಫಿ ಗಟಗಟ ಕುಡಿದು ನಾಲಿಗೆ ಸುಟ್ಟು ಸುಟ್ಟು ಸಾರಿನ ಉಪ್ಪು ಖಾರ ತಿಳಿಯದ ಹಾಗಾಯಿತು. ಎದೆ ಢವಢವ ಎನ್ನುತ್ತಿತ್ತು. ಹೊಟ್ಟೆಯಲ್ಲಿ ಉರಿ. ಕಣ್ಣಿಗೆ ನಿದ್ದೆ ಹತ್ತದು. ಯಜಮಾನರು ಪಾಪ, "ಏನಾಯ್ತೇ ನಿಂಗೆ, ಯಾವುದಾದ್ರೂ ಗಾಳಿ ಮೆಟ್ಟಿಕೊಂಡೈತಾ?" ಎಂದು ಕೇಳುವವರೆಗೆ ಹೋಯಿತು.

ಆದರೂ ಸುಳ್ಳು ಯಾಕೆ ಹೇಳಲಿ, ನನಗೆ ಅಂಥ ಸುಖದ ದಿನಗಳು ಹಿಂದೆ ಬಂದಿರಲಿಲ್ಲ. ಬೆಳಿಗ್ಗೆ ನಾನೇ ಅವಳಿಗೆ ಸಣ್ಣ ಲೋಟದಲ್ಲಿ ತಿಳಿಯಾದ ಕಾಫಿ ಕೊಡುತ್ತಿದ್ದೆ. ಅವಳು ಜಗಲಿ ಮೇಲೆ ಕೂತು, ಎರಡೂ ಕೈಯಲ್ಲಿ ಲೋಟ ಹಿಡಿದು, ಒಂದು ಗುಟುಕಿಗೂ ಇನ್ನೊಂದು ಗುಟುಕಿಗೂ ನಡುವೆ ಬೀದಿಯನ್ನೆಲ್ಲ ಒಮ್ಮೆ ನೋಡಿ, ಕೊನೆಯ ಹನಿಯವರೆಗೂ ಎಳೆದಾಡಿ ಕುಡಿಯುತ್ತಿದ್ದಳು. "ಕಮ್ಮಿ ಕುಡಿಯೋಕೆ ಶುರು ಮಾಡಿದ್ ಮೇಲೇ ಕಾಫಿ ರುಚಿ ಗೊತ್ತಾಗಿದ್ದು ಅತ್ತೆ" ಎನ್ನುತ್ತಿದ್ದಳು. ಅವಳ ಮುಖ ತುಂಬಿಕೊಳ್ಳುತ್ತಿತ್ತು. ತೋರಿಸಿಕೊಂಡು ಬರಲು ಚಳ್ಳಕೆರೆಗೆ ಹೋಗಬೇಕಾದಾಗಲೆಲ್ಲ ಎಣ್ಣೆ ತರುವ ನೆಪ ಹೇಳುತ್ತಿದ್ದೆವು. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯಿಂದ ಮತ್ತೇನು ತರುತ್ತಾರೆ? ಕಡಲೆಕಾಯಿ ಎಣ್ಣೆಯ ಡಬ್ಬಿಗಳು ನಮ್ಮ ಅಟ್ಟ ತುಂಬಿದವು. ಗೋಪಿ ಮೂರು ಹೊತ್ತೂ ಬಜ್ಜಿ ತಿಂದು ತಿಂದು ಸೋತ.

ನಾಲ್ಕನೇ ತಿಂಗಳು ದಾಟಿತು. ಆ ತಿಂಗಳು ನಾವಿಬ್ಬರೂ ಆ ಮಾತೇ ಎತ್ತಲಿಲ್ಲ. ದಾಟಿದ ದಿನ ಅವಳು ಅಡುಗೆಮನೆಯಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ಅತ್ತಳು, ನಾನೂ ಅತ್ತೆ.

ಅಷ್ಟರಲ್ಲಿ ಇನ್ನೊಂದು ವಿಷಯ ನನ್ನ ತಲೆ ಕೆಡಿಸಲು ಶುರುಮಾಡಿತ್ತು. ನಮ್ಮ ಬೀದಿಯ ಜ್ಯೋತಿಲಕ್ಷ್ಮಿ ಮನೆಯಲ್ಲಿ ಎಳೆ ಕೂಡಿಸುತ್ತಿದ್ದಾಗ ಎಂದಿನಂತೆ ನನ್ನ ಲೋಟ ಮುಗಿಸಿ ಸೊಸೆಯದಕ್ಕೆ ಬಾಯಿಟ್ಟರೆ, ಥೂ, ಅದೇನು ಕಾಫಿಯೇ? ನನ್ನದು ಗಟ್ಟಿ ಡಿಕಾಕ್ಷನ್, ಅವಳದು ಗಸಿಗೆ ಮತ್ತೆ ಬಿಸಿನೀರು ಹೊಯ್ದು ಇಳಿಸಿದ್ದು! ಬೇಕಾದವರಿಗೆ ಮೊದಲನೆಯದು, ಬೇಡದವರಿಗೆ ಎರಡನೆಯದು ಎಂಬ ಭೇದ ಯಾವ ಹೆಂಗಸಿಗೆ ಗೊತ್ತಿಲ್ಲ? ಜುಗ್ಗಿ ಎಂದು ಮನಸ್ಸಿನಲ್ಲೇ ಬೈದು ಸುಮ್ಮನಾದೆ. ಮುಂದಿನ ವಾರ ಇನ್ನೊಂದು ಮನೆಯಲ್ಲೂ ಅದೇ ಕಥೆ. ಮತ್ತೊಂದು ಮನೆಯಲ್ಲಿ ಕಾಫಿಯ ಬಣ್ಣವೂ ಸರಿಯಾಗಿರಲಿಲ್ಲ, ಮೇಲಾಗಿ ತಳದಲ್ಲಿ ಅದೇನೋ ಹಿಟ್ಟು. ಹಾಲಿಗೆ ಹಿಟ್ಟು ಬೆರೆಸಿ ಕೊಡುವಷ್ಟು ದರಿದ್ರ ಬಂದಿತೇ ಈ ಬೀದಿಗೆ? ಹೊರಗಿನ ಊರಿನವಳೆಂದೋ, ಇನ್ನೂ ಮಡಿಲು ತುಂಬಿಲ್ಲವೆಂದೋ ನನ್ನ ಸೊಸೆಯನ್ನು ಹಗುರ ಮಾಡುತ್ತಿದ್ದಾರೆ ಎಂದು ನನಗೆ ಮೈ ಉರಿಯಿತು. ಬಾಯಿಬಿಟ್ಟು ಕೇಳುವಂತೆಯೂ ಇಲ್ಲ. ಅವಳ ಲೋಟದ ರುಚಿ ನಿನಗೆ ಹೇಗೆ ಗೊತ್ತಾಯಿತು ಎಂದರೆ ಏನು ಹೇಳಲಿ? ಈ ಬೊಮ್ಮಕ್ಕ ಮಾತು ನುಂಗಿಕೊಂಡು ಕೂತದ್ದನ್ನು ಯಾರಾದರೂ ಕೇಳಿದ್ದೀರಾ?

ಕೊನೆಗೆ ಸೂರಮ್ಮನ ಮನೆಯ ಸರದಿ ಬಂತು. ಶ್ರೀವಾಣಿಯ ಸ್ಕ್ಯಾನಿಂಗಿಗೆ ಇನ್ನು ಕೆಲವೇ ದಿನ ಉಳಿದಿತ್ತು. ಇಳಿಹೊತ್ತಿಗೆ ಸೂರಮ್ಮ ಎರಡು ಲೋಟ ತಂದಿಟ್ಟಳು. ಶ್ರೀವಾಣಿ ಕೈ ತೊಳೆಯಲು ಹಿತ್ತಲಿಗೆ ಹೋದಳು. ನಾನು ಇಣುಕಿ ನೋಡಿದೆ. ನನ್ನದು ಕಾಫಿ. ಸೊಸೆಯದು ಬೆಳ್ಳಗಿನ ಹಾಲು, ಮೇಲೆ ಒಂದಿಷ್ಟು ಕಂದು ಬಣ್ಣ, ಮತ್ತದೇ ಹಿಟ್ಟು. ಅದೂ ಹೋದ ವರ್ಷ ಆ ಮಾತಾಡಿದ ಇದೇ ಸೂರಮ್ಮನ ಮನೆಯಲ್ಲಿ. ನನ್ನ ಕೈಲಿ ತಡೆಯಲಾಗಲಿಲ್ಲ.

"ಏನೇ ಸೂರಮ್ಮ, ನನ್ ಸೊಸೆ ಅಂದ್ರೆ ಈ ಬೀದಿಗೆ ಅಷ್ಟು ಸಸಾರನಾ? ನಂಗೊಂದು ಕಾಫಿ, ಅವಳಿಗೆ ಈ ಹಿಟ್ಟಿನ ನೀರಾ? ಮನೆಮನೇಲೂ ಇದೇ ನೋಡ್ತಾ ಬಂದಿದೀನಿ!"

ಸೂರಮ್ಮ ಓಡಿಹೋಗಿ ಹಿತ್ತಲ ಬಾಗಿಲು ಮುಂದೆಳೆದು ಬಂದಳು. "ಮೆಲ್ಲಗೆ ವದಿನಾ, ಮೆಲ್ಲಗೆ" ಅಂದಳು. ನಮ್ಮ ಮನೆಮಾತು ತೆಲುಗು, ಅತ್ತಿಗೆಯನ್ನು ಹಾಗೆಯೇ ಕರೆಯುವುದು. "ಹಿಟ್ಟಲ್ಲ ಅದು, ಬಾದಾಮಿ. ನೆನೆಸಿ, ಸಿಪ್ಪೆ ತೆಗೆದು, ನಾನೇ ರುಬ್ಬಿದ್ದು. ಬಸುರಿ ಹೆಂಗಸಿಗೆ ದಿನಾ ಗಟ್ಟಿ ಕಾಫಿ ಕೊಡೋಕಾಗುತ್ತಾ? ಪಾಪ, ಬ್ಯಾಡ ಅಂದ್ರೆ ಎಲ್ಲಿ ನಮಗೆ ಗೊತ್ತಾಗುತ್ತೋ ಅಂತ ಕೊಟ್ಟಿದ್ದೆಲ್ಲ ಕುಡೀತಿತ್ತು ಆ ಮಗು."

ನಾನು ಅವಳತ್ತ ಸರಿದೆ. "ನಿಂಗ್ ಯಾರ್ ಹೇಳಿದ್ರೇ?"

"ಹೇಳ್ಬೇಕಾ? ನಾನೂ ನಾಲ್ಕು ಹೆತ್ತೋಳು. ನಾಲ್ಕೇ ಜನದ ಮನೆಗೆ ಅಷ್ಟು ಎಣ್ಣೆ ಯಾರು ತರ್ತಾರೆ?" ಎಂದು ನಕ್ಕಳು. ನಗು ಅಷ್ಟಕ್ಕೇ ನಿಂತಿತು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೋದ ವರ್ಷ ನನ್ ಬಾಯಿಂದ ಒಂದು ಮಾತು ಬಂತು ವದಿನಾ. ಆಡಿದ್ ಮೇಲೆ ಆ ಮಗು ಮುಖ ನೋಡಿದೆ. ನಾಲಿಗೆ ಕಿತ್ತು ಹಾಕೋಣ ಅನ್ನಿಸ್ತು. ಅದಕ್ಕೇ ಈ ಸಲ ನಂಗೆ ಗೊತ್ತಾದ ದಿನವೇ ಮನೆಮನೆಗೂ ಹೋಗಿ ಹೇಳಿಬಂದೆ. ಯಾರೂ ಕೇಳ್ಬಾರದು, ಯಾರೂ ಹೊಟ್ಟೆ ಕಡೆ ನೋಡಬಾರದು, ಅವಳಾಗಿ ಹೇಳೋಗಂಟ ನಮಗ್ಯಾರಿಗೂ ಗೊತ್ತೇ ಇಲ್ಲ ಅಂತ. ಕಾಫಿ ಮಾತ್ರ ನೀವೇ ನೋಡ್ಕೊಂಡು ತಿಳಿ ಮಾಡಿ ಕೊಡ್ರಿ ಅಂದೆ."

ಒಂದು ಸುದ್ದಿಯನ್ನು ಒಂದು ಹೊತ್ತು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದ ಬೀದಿ ನಮ್ಮದು. ಅಂಥ ಬೀದಿ ವಾರಗಟ್ಟಲೆ ತುಟಿ ಬಿಚ್ಚದೆ ಕೂತಿತ್ತು. ನಾನು ಸೂರಮ್ಮನ ಕೈ ಹಿಡಿದುಕೊಂಡೆ. ಆಗಲೇ ಸೂರಮ್ಮನ ಹುಬ್ಬು ಗಂಟಿಕ್ಕಿತು.

"ತಡಿ ತಡಿ. ಅವಳ ಲೋಟದ ರುಚಿ ನಿಂಗೆ ಹೆಂಗೆ ಗೊತ್ತು?"

ನಾನು ಮಗ್ಗದ ಕಡೆ ನೋಡಿದೆ.

"ನೀನು ಕುಡೀತಿದ್ಯಾ? ಇಷ್ಟು ದಿನ ಎಲ್ರ ಮನೆ ಬಾದಾಮಿ ಹಾಲೂ ನೀನೇ ಕುಡಿದ್ಯಾ? ಅಯ್ಯೋ ನಿನ್ನ! ಅದಕ್ಕೇ ರವಿಕೆ ತೋಳು ಕಿತ್ತು ಬರೋ ಹಂಗಾಗಿರೋದು!"

ನಿಜವೇ. ಎದೆಯ ಢವಢವ ನಿಂತು ಮತ್ತೆ ಒಳ್ಳೆಯ ನಿದ್ದೆ ಬರತೊಡಗಿತ್ತು, ರವಿಕೆಗಳೆಲ್ಲ ಬಿಗಿಯಾಗಿದ್ದವು, ನಾನು ಚಿಂತೆಗೆ ಮೈ ಬಂದಿದೆ ಎಂದುಕೊಂಡಿದ್ದೆ. ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

ಹಿತ್ತಲ ಬಾಗಿಲು ತೆರೆಯಿತು. ಶ್ರೀವಾಣಿ ನಿಂತಿದ್ದಳು. ಒದ್ದೆ ಕೈ ಹೊಟ್ಟೆಯ ಮೇಲಿತ್ತು, ಸೀರೆಗೆ ನೀರಿನ ಕಲೆ ಹತ್ತಿತ್ತು. ನಮ್ಮ ಮಾತು ಅವಳಿಗೆ ಕೇಳಿಸಿರಲಿಲ್ಲ. ಅವಳ ಲಕ್ಷ್ಯವೇ ಇಲ್ಲಿರಲಿಲ್ಲ.

"ಅತ್ತೆ" ಅಂದಳು, "ಅಲ್ಲಾಡ್ತು."

ನಾನು ಏಳಲು ಹೋದೆ, ಕಾಲು ಜೋಮು ಹಿಡಿದಿತ್ತು. ಆಗ ಅವಳಿಗೆ ಸೂರಮ್ಮ ಅಲ್ಲೇ ಇದ್ದಾಳೆಂಬ ಎಚ್ಚರವಾಯಿತು. ಮುಖ ಬಿಳಿಚಿಕೊಂಡಿತು. ಈಗ ಏನಾದರೂ ಹೇಳಿ ಮರೆಮಾಚುತ್ತಾಳೆ ಎಂದುಕೊಂಡೆ. ಅವಳು ಸೂರಮ್ಮನ ಮುಖ ನೋಡಿದಳು. ಆಮೇಲೆ ಅವಳ ಬಳಿಗೇ ನಡೆದು ಬಂದು, ಅವಳ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಸೂರಮ್ಮತ್ತೆ, ನಂಗೆ ಐದನೇ ತಿಂಗಳು" ಅಂದಳು.

ಸೂರಮ್ಮ ಕಣ್ಣರಳಿಸಿದಳು. "ಹೌದೇನವ್ವಾ! ನಿಜನಾ? ಅಯ್ಯೋ ನನ್ ತಾಯಿ, ನಮಗ್ಯಾರಿಗೂ ಒಂಚೂರೂ ಗೊತ್ತಾಗ್ಲಿಲ್ವಲ್ಲೇ!" ಎಂದಳು.

ಶ್ರೀವಾಣಿ ನಗುತ್ತ ಎಲ್ಲವನ್ನೂ ಮೊದಲಿಂದ ಹೇಳತೊಡಗಿದಳು. ಡಾಕ್ಟರಮ್ಮ ಹೇಳಿದ್ದು, ಚಳ್ಳಕೆರೆಯ ಎಣ್ಣೆ, ಅತ್ತೆಯ ಸುಟ್ಟ ನಾಲಿಗೆ. ಸೂರಮ್ಮ ಅವಳ ಹೊಟ್ಟೆಯ ಮೇಲಿನ ಕೈ ತೆಗೆಯದೆ, ಒಂದೊಂದಕ್ಕೂ "ಹೌದಾ?", "ಹಂಗಾ?", "ಎಂಥಾ ಕಳ್ಳಿಯರ್ರೇ ನೀವು!" ಎಂದು ಬೆರಗಾಗುತ್ತ, ಕಣ್ಣೊರೆಸಿಕೊಳ್ಳುತ್ತ ಕೇಳಿದಳು. ನಾನು ಬಾದಾಮಿ ಹಾಲಿನ ಲೋಟವನ್ನು ಸೊಸೆಯ ಕೈಗಿಟ್ಟು, ಬಾಯಿ ಮುಚ್ಚಿಕೊಂಡು ಕೂತೆ.