ಉರಿಯ ಪಾಠ

"ಅಳತೀಯೇನಲೇ, ಹುಚ್ಚ ಸೂಳೆಮಗನ? ಆ ಕೈಲೆ ಕಣ್ಣ ತಿಕ್ಕಬ್ಯಾಡ ಅಂತ ಎಷ್ಟ ಸಲ ಬೊಗಳ್ಬೇಕು?"

ವೀರೇಂದ್ರ ಸಾವಕಾರ ಗೋಣೆಪ್ಪನ ಕೈ ಮೇಲೆ ಬಡಿದ. ಗೋಣೆಪ್ಪನಿಗೆ ಮೂವತ್ತು ದಾಟಿದೆ, ಮಾತು ಒಂದೊಂದೇ ಬರುತ್ತದೆ. ಸಾವಕಾರನ ಬ್ಯಾಡಗಿ ಗೋದಾಮಿನ ಹೊರಗೆ 'ಬುದ್ಧಿಮಾಂದ್ಯರ ತರಬೇತಿ ಕೇಂದ್ರ' ಎಂಬ ಬೋರ್ಡಿದೆ. ಒಳಗೆ ಗೋಣೆಪ್ಪನಂಥ ಏಳು ಮಂದಿ ಮುಂಜಾನೆಯಿಂದ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತಾರೆ. ತರಬೇತಿಯಾದ್ದರಿಂದ ಕೂಲಿಯಿಲ್ಲ. ಮಧ್ಯಾಹ್ನ ಒಂದು ತಾಸು ನನ್ನ ವಿಜ್ಞಾನದ ಕ್ಲಾಸು. ಅವರ ಕೈ ಕಾಯಿಯಿಂದ ಹೊರಗೆ ಬರುವುದು ಆ ಒಂದು ತಾಸು ಮಾತ್ರ.

ನಾನು ಎರಡು ಬೋಗುಣಿ ಇಟ್ಟಿದ್ದೆ. ಒಂದರಲ್ಲಿ ನೀರು, ಒಂದರಲ್ಲಿ ಕುಸುಬಿ ಎಣ್ಣೆ.

ಏಳು ಮಂದಿಯಲ್ಲಿ ಒಬ್ಬಳಾದ ಮುದುಕವ್ವ ನೀರಿನಲ್ಲಿ ಕೈ ಅದ್ದಿದಳು. "ಉರಿ ಹೋಗವಲ್ದು."

"ಈಗ ಎಣ್ಣ್ಯಾಗ ಇಡ ಯಕ್ಕಾ."

ಇಟ್ಟಳು. ಒಂದೊಂದೇ ಬೆರಳು ತಿಕ್ಕಿದಳು. ಆಮೇಲೆ, "ಹೋಗಾಕತ್ತೈತಿ."

ಖಾರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಇಷ್ಟೇ ಪಾಠ. ಎಷ್ಟೋ ವಾರ ಅದನ್ನೇ ಮಾಡಿದೆವು. ಕಡೆಗೊಂದು ದಿನ, ಕ್ಲಾಸಿಗೆ ಮೊದಲೇ, ಏಳು ಮಂದಿಯೂ ಸಾವಕಾರನ ಮುಂದೆ ಕೈ ಚಾಚಿ ನಿಂತರು. "ಎಣ್ಣಿ."

ಸಾವಕಾರ ನನ್ನನ್ನು ಕರೆಸಿದ.

"ಏನವಾ ಟೀಚರ್, ಇಷ್ಟ ದಿನ ಇವಕ್ಕ ಉರೀನ ಇರಲಿಲ್ಲ. ನೀ ಬಂದು ಉರಿ ಕಲಿಸಿದಿ! ನಿಮ್ಮವ್ವ ಬೀರವ್ವ ಇದ ಗೋದಾಮಿನ್ಯಾಗ ತುಂಬು ಬಿಡಿಸಿ ಸತ್ಲು. ಒಂದಿನಾ ಎಣ್ಣಿ ಕೇಳಿದ್ಲೇನು?"

ಕೇಳಿರಲಿಲ್ಲ, ನಿಜ.

"ಸೋಮವಾರ ಅನುದಾನದ ಸಾಹೇಬ ಬರ್ತಾನ. ಭೂಮಿ ಗುಂಡಗೈತಿ ಅಂತ ಹೇಳಿಸು. ಹೇಳಲಿಲ್ಲಾ, ನಿನ್ನ ಕ್ಲಾಸ್ ಬಂದ್."

ರಾಣೆಬೆನ್ನೂರಿನಿಂದ ಗ್ರಹಗಳ ಚಾರ್ಟು ತರಿಸಿ ಗೋಡೆಗೆ ಮೊಳೆ ಹೊಡೆಸಿದ. ಅದರ ಕೆಳಗೆ ಅವರು ತುಂಬು ಬಿಡಿಸುತ್ತಲೇ ಇದ್ದರು.

ಸೋಮವಾರ ಸಾಹೇಬರು ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ಬಂದರು. ಸೀನಿದರು, ಹಾರ ಹಾಕಿಸಿಕೊಂಡರು, ಮತ್ತೆ ಸೀನಿದರು.

"ಹೇಳೋ ಗೋಣೆಪ್ಪಾ, ಭೂಮಿ ಹೆಂಗೈತಿ?" ಸಾವಕಾರನ ದನಿಯಲ್ಲಿ ಅಂದು ಬೆಲ್ಲವಿತ್ತು.

ಗೋಣೆಪ್ಪ ಸಾಹೇಬರ ಕೆಂಪಾದ ಕಣ್ಣು ನೋಡಿದ. "ಉರಿತೈತಿ," ಎಂದ.

"ಪಾಪ, ಇಂಥವರಿಗೆ ವಿಜ್ಞಾನ ಯಾಕ್ರೀ? ಕೆಲಸ ಕಲಿತಾರಲ್ಲ, ಸಾಕು," ಎಂದರು ಸಾಹೇಬರು.

ಸಾವಕಾರ ನನ್ನತ್ತ ಕಣ್ಣು ಬಿಟ್ಟ. 'ಗುಂಡಗೈತಿ' ಎಂದು ನಾನು ಅಂದಿದ್ದರೆ ಏಳೂ ಮಂದಿ ಅನ್ನುತ್ತಿದ್ದರು. ನಾನು ಅನ್ನಲಿಲ್ಲ. ಅವರು ಕಲಿತದ್ದನ್ನು ಗೋಣೆಪ್ಪ ಆಗಲೇ ಹೇಳಿಯಾಗಿತ್ತು. ಸಾಹೇಬರು ಪೇಡೆ ತಿಂದು, ಮೆಚ್ಚಿದ್ದೇವೆಂದು ಬರೆದು, ಜೀಪು ಹತ್ತಿದರು.

"ಕ್ಲಾಸ್ ಮುಗೀತು," ಎಂದ ಸಾವಕಾರ. ಬೋಗುಣಿ ಒದ್ದ. ಹೊಸ ಚೀಲ ಬಿಚ್ಚಿ ಅವರ ಮುಂದೆ ಸುರುವಿದ. "ಹಚ್ಚರಿ ಕೈ!"

ಯಾರೂ ಹಚ್ಚಲಿಲ್ಲ. ಮುದುಕವ್ವ ಎರಡೂ ಕೈ ಬಗಲಲ್ಲಿ ಹುದುಗಿಸಿಕೊಂಡಳು. ಅವಳನ್ನು ನೋಡಿ ಗೋಣೆಪ್ಪ, ಅವನನ್ನು ನೋಡಿ ಉಳಿದವರು.

"ಕೈ ತಗೀರಲೇ, ಹಡಬಿಟ್ಟಿಗಳ್ರ್ಯಾ!"

ಸಾವಕಾರ ಗೋಣೆಪ್ಪನ ಮುಂಗೈ ಹಿಡಿದೆಳೆದು ಕಾಯಿಯ ರಾಶಿಯೊಳಗೆ ತುರುಕಿದ. ಗೋಣೆಪ್ಪ ಕೈಯನ್ನು ಮೆಲ್ಲಗೆ ಹೊರಗೆ ತೆಗೆದು ಮತ್ತೆ ಬಗಲಲ್ಲಿಟ್ಟುಕೊಂಡ. ಸಾವಕಾರ ಮತ್ತೆ ತುರುಕಿದ. ಅವನು ಮತ್ತೆ ತೆಗೆದ.

ನಾನು ಹೋಗಿ ಗೋಣೆಪ್ಪನ ಪಕ್ಕ, ಸಾಲಿನಲ್ಲಿ ಕುಳಿತೆ. ಕೈ ಬಗಲಲ್ಲಿಟ್ಟುಕೊಂಡೆ.