ಬೆಣೆಗೆ ಹಚ್ಚಿದ ಕುಂಕುಮ

ನಮ್ಮಪ್ಪ ಯಾವ ಊರಿಗೆ ಹೋದರೂ ಒಂದು ಹತಾರ ತರುತ್ತಿದ್ದ. ಅವನು ಯಂಕಂಚಿಯ ಶಾಲೆಯ ಮಾಸ್ತರ. ಪರೀಕ್ಷೆಯ ಕೆಲಸಕ್ಕೆ ಮುದ್ದೇಬಿಹಾಳಕ್ಕೆ ಹೋದಾಗ ಬೈರಿಗೆ ತಂದ, ಬಸವನ ಬಾಗೇವಾಡಿಯ ಸಂತೆಯಿಂದ ಗರಗಸ, ಸಿಂದಗಿಯಿಂದ ಎರಡು ಉಳಿ. ಇಂಡಿಯಲ್ಲಿ ಮಲಿಕಸಾಬನ ಕುಲುಮೆಯಲ್ಲಿ ಹೇಳಿ ಮಾಡಿಸಿದ ಕಬ್ಬಿಣದ ಬೆಣೆ ಕಡೆಯದು.

"ಏನ್ರಿ ಮಾಸ್ತರ್ರ, ಬೋರ್ಡಿನ ಖಡು ಬಿಟ್ಟು ಬಾಚಿ ಹಿಡದೀರಿ?" ಎಂದು ಜನ ನಗುತ್ತಿದ್ದರು. ಬಡಿಗೇರ ಭೀಮಶ್ಯಾ ಮಾತ್ರ ನಗಲಿಲ್ಲ. ನಮ್ಮ ಬಾಗಿಲು, ನಾನು ಮಲಗಿದ ತೊಟ್ಟಿಲು, ಎಲ್ಲ ಅವನ ಮನೆತನದವರು ಮಾಡಿದ್ದು. ಅವನು ನಮ್ಮ ಓಣಿಗೆ ಬರುವುದನ್ನೇ ಬಿಟ್ಟಿದ್ದ.

ಆಯಿ, ಅಂದರೆ ಅಪ್ಪನ ತಾಯಿ ರುಕ್ಮವ್ವ, ನನಗೆ ಹತಾರಗಳ ಕಥೆ ಹೇಳಿದ್ದಳು. ನವಮಿಯ ಪೂಜೆಗೆ ಇಡಲು ಮರೆತ ಕುಡಗೋಲೊಂದು ಮೂಲೆಯಲ್ಲಿ ಅತ್ತು ಅತ್ತು ತುಕ್ಕು ಹಿಡಿಯಿತಂತೆ. ಸುಗ್ಗಿಯಲ್ಲಿ ಯಜಮಾನನ ಕೈಯನ್ನೇ ಕೊಯ್ದಿತಂತೆ. ಹದಿನೆಂಟು ತುಂಬಿದ್ದರೂ ನನಗೆ ಆ ಅಳು ಕೇಳಿಸುತ್ತಿತ್ತು.

ಎಪ್ಪತ್ತಾರರ ದಸರೆಯ ಸೂಟಿಯಲ್ಲಿ ಆಯಿಯ ಕೋಣೆಯ ತೊಲೆ ಗೆದ್ದಲು ತಿಂದು ಬಾಗಿತು. ಮೇಲೆ ಮಾಳಿಗೆಯ ಮಣ್ಣಿನ ಭಾರ.

"ಭೀಮಶ್ಯಾನ್ನ ಕರೀರಿ," ಎಂದಳು ಅವ್ವ.

"ಯಾಕ? ನನ್ನ ಕೈಗೇನ ಲಕ್ವಾ ಹೊಡದೈತೇನ?"

ಅಪ್ಪ ತಾನೇ ಜಾಲಿಯ ಕಂಬ ಕೊಯ್ದು ತೊಲೆಗೆ ಆಸರೆ ಕೊಟ್ಟ. ಬುಡದಲ್ಲಿ ಬೆಣೆ ಬಡಿದು ಬಿಗಿ ಮಾಡಿದ. "ನೋಡ ಗುರವ್ವಾ, ಇನ್ನ ಅಲ್ಲಾಡಂಗಿಲ್ಲ," ಎಂದು ನನ್ನ ಕೈ ಹಿಡಿದು ಕಂಬ ಮುಟ್ಟಿಸಿದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

ನವಮಿಯ ಮುಂಜಾನೆ ಅಪ್ಪ ಬಾವಿಗೆ ಹೋಗಿದ್ದ. ಹತಾರಗಳನ್ನೆಲ್ಲ ತೊಳೆದು ಜಗುಲಿಯ ಮುಂದೆ ಜೋಡಿಸುವ ಕೆಲಸ ನನ್ನದು. ಒಂದು ಕಡಿಮೆ ಬಿತ್ತು. ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಕತ್ತಲೆಯ ಕೋಣೆಯಲ್ಲಿ, ಕಂಬದ ಕಾಲಡಿ, ಒಂದೇ ಒಂದು.

ಆಯಿ ಹಿತ್ತಲಿಗೆ ಹೋದಾಗ ಸುತ್ತಿಗೆಯಿಂದ ಆಚೆ ಈಚೆ ಮೆಲ್ಲಗೆ ಬಡಿದೆ. ಬೆಣೆ ಹೊರಗೆ ಬಂತು. ಕಂಬ ಕದಲಲಿಲ್ಲ. ತೊಳೆದೆ, ಕುಂಕುಮ ಹಚ್ಚಿದೆ, ಗರಗಸದ ಮಗ್ಗುಲಲ್ಲಿಟ್ಟು ಮೇಲೆ ಚೆಂಡುಹೂ ಸುರಿದೆ. ಇನ್ನು ಯಾವುದೂ ಅಳುವುದಿಲ್ಲ.

ಆರತಿಗೆಂದು ಆಯಿ ಕೋಣೆಯಿಂದ ಎದ್ದು ಬಂದಳು. ಅಪ್ಪ ಕಾಯಿ ಒಡೆದ. ಒಳಗೆ ಏನೋ ನರಳಿದಂತಾಯಿತು. ಆಮೇಲೆ ಬಾಗಿಲ ತುಂಬ ಧೂಳು. ತೊಲೆಯ ಒಂದು ತುದಿ ಆಯಿಯ ತಲೆದಿಂಬಿನ ಮೇಲೆ ಬಿದ್ದಿತ್ತು. ಹಾಸಿಗೆ ಮಣ್ಣಿನಲ್ಲಿ ಮುಚ್ಚಿಹೋಗಿತ್ತು.

"ನಿನ್ನ ಕೊಲ್ಲತಿದ್ನಲ್ಲವ್ವಾ ನಾ," ಎಂದ ಅಪ್ಪ ಆಯಿಗೆ. ನಮ್ಮ ಕಡೆ ತಿರುಗಿದ. "ನಾಳೆ ಆ ಹತಾರದ ಪೆಟ್ಟಿಗಿ ಭೀಮಶ್ಯಾನ ಮನಿಗೆ ಕಳಸ್ರಿ. ಇನ್ನ ನಾ ಮುಟ್ಟಂಗಿಲ್ಲ."

ಸಪ್ಪಳ ಕೇಳಿ ಭೀಮಶ್ಯಾನೇ ಓಡಿ ಬಂದ. ಈಗ ಚುಚ್ಚಿ ಮಾತಾಡುತ್ತಾನೆ ಎಂದುಕೊಂಡೆವು. ಅವನು ಬಿದ್ದ ಕಂಬದ ಪಕ್ಕ ಕುಳಿತು ಬುಡಕ್ಕೆ ಬೆರಳಾಡಿಸಿದ.

"ಕೊಯ್ದದ್ದು ನೆಟ್ಟಗ ಐತ್ರಿ ಮಾಸ್ತರ್ರ. ಬೆಣಿ ಎಲ್ಲಿ?"

"ಬಡದಿದ್ನಲ್ಲೋ."

"ಬಡದಿದ್ರ ಎಲ್ಲಿಗಿ ಹೋಕ್ಕೈತ್ರಿ? ಮರ್ತಿರಬೇಕ."

ಅಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ. "ಹೌದು. ಮರ್ತಿರಬೇಕು," ಎಂದ.

ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜಗುಲಿಗೆ ಹೋಗಿ ಹೂವು ಸರಿಸಿದೆ. "ಅಯ್ಯ! ಪೂಜಿಗಿಟ್ಟದ್ದ ಬನ್ನಿ ಮುಡಿಯೂತನಾ ಎತ್ತಬಾರ್ದ!" ಎಂದು ಅವ್ವ ಕೂಗಿದಳು. ಎತ್ತಿಕೊಂಡು ಬಂದು ಅಪ್ಪನ ಮುಂದೆ ಹಿಡಿದೆ.

"ನೀ ಮರ್ತಿಲ್ಲಪ್ಪಾ. ಇದೊಂದ ಉಳದಿತ್ತು. ಅಳತೈತಿ ಅಂತ ನಾ..."

ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಬೆಣೆಯನ್ನು ಕೈಯಲ್ಲಿ ಹೊರಳಿಸಿದ. ಹಸಿ ಕುಂಕುಮ ಅವನ ಅಂಗೈಗೆ ಹತ್ತಿತು. "ಪೆಟ್ಟಿಗಿ ಇಲ್ಲೇ ಇರ್ಲಿ ಭೀಮಶ್ಯಾ. ನಾಳೆ ಸಂಜಿಗೆ ಬಾ, ತೊಲಿ ಇಬ್ರೂ ಕೂಡಿ ಎತ್ತೂಣು."

ಮರುದಿನ ಬನ್ನಿ ಕೊಟ್ಟು ಅಪ್ಪನ ಕಾಲು ಮುಟ್ಟಿದೆ. ಅವನೂ ನನ್ನ ಕೈಗೆ ಬನ್ನಿ ಕೊಟ್ಟ, ತಲೆ ಮೇಲೆ ಕೈಯಿಟ್ಟ. ಆಮೇಲೆ ಭೀಮಶ್ಯಾನೊಂದಿಗೆ ಕೆಲಸ ಮುಗಿಸಿ ಹತಾರಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿಟ್ಟ. ಆ ಪೆಟ್ಟಿಗೆಗೆ ಆವರೆಗೆ ಕೀಲಿ ಹಾಕಿದ್ದಿಲ್ಲ. ಅಂದು ಹಾಕಿದ. ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡ.