ಗಂಜಿ ಹಾಕಿದ ಹಿಮ

ಅದು ಶುರುವಾದದ್ದು ಮೈಕೊರೆಯುವ ಚಳಿಗಾಲದ ಒಂದು ಭಾನುವಾರ, ಮಧ್ಯಾಹ್ನ ಮುಗಿದು ಸಂಜೆ ಇನ್ನೂ ಆಗಿರದ ಹೊತ್ತಿನಲ್ಲಿ. ಕಿಟಕಿಯಾಚೆ ಬೀದಿಯೆಲ್ಲ ಹಿಮ ಬಿದ್ದು ಬಿಳಿಚಿಕೊಂಡಿತ್ತು. ಒಳಗೆ ಅಡುಗೆಮನೆಯ ಮೇಜಿನ ಮುಂದೆ ಇಸ್ತ್ರಿ ಅಜ್ಜಿ ಜಾಮಿನ ಖಾಲಿ ಶೀಶೆಯೊಂದನ್ನು ತಿಕ್ಕಿ ತಿಕ್ಕಿ ಒರೆಸುತ್ತಿದ್ದಳು. ಮೇಲಿನ ಮನೆಯ ಹೆಣ್ಣುಮಕ್ಕಳಿಬ್ಬರು ಅವಳ ಎಡಬಲಕ್ಕೆ ಕೂತಿದ್ದರು.

ಅವರ ತಾಯಿ ಬಟ್ಟೆ ಹೊಲಿಯುವವಳು. ಎದೆಯಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿ ವಾರದ ಮೇಲಾಗಿತ್ತು. ತಂದೆ ಬಸ್ಸು ಓಡಿಸುವವನು. ಬಸ್ಸಿನಿಂದ ಇಳಿದರೆ ಆಸ್ಪತ್ರೆ, ಆಸ್ಪತ್ರೆಯಿಂದ ಹೊರಟರೆ ಬಸ್ಸು. ಹಾಗಾಗಿ ಮಕ್ಕಳ ಊಟ, ನಿದ್ದೆ, ಜಗಳ ಎಲ್ಲವೂ ಕೆಳಗಿನ ಮನೆಯ ಅಜ್ಜಿಯ ಪಾಲಿಗೆ ಬಂದವು. ಅಜ್ಜಿಗೆ ಹಿಂದಿಲ್ಲ ಮುಂದಿಲ್ಲ. ಲಾಂಡ್ರಿಯಲ್ಲಿ ಊರವರ ಬಟ್ಟೆಗೆಲ್ಲ ಗಂಜಿ ಹಾಕಿ, ಇಸ್ತ್ರಿ ತೀಡಿ ಒರಟಾದ ಕೈಗೆ ಜಡೆ ಹೆಣೆಯುವ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ. ಈಗ ದಿನಾ ಬೆಳಿಗ್ಗೆ ಎರಡು ತಲೆ ತಾವಾಗಿಯೇ ಬಂದು ಎದುರಿಗೆ ಕೂರುತ್ತಿದ್ದವು. ಇನ್ನೊಬ್ಬರ ಕಷ್ಟದ ಬೆನ್ನು ಹತ್ತಿ ಬಂದ ಈ ಭಾಗ್ಯವನ್ನು ಭಾಗ್ಯ ಅನ್ನಬಹುದೋ ಬಾರದೋ ಎಂದು ಅಜ್ಜಿಗೆ ಒಳಗೊಳಗೇ ಅಳುಕು.

ಚಿಕ್ಕವಳದೇನೂ ಚಿಂತೆಯಿರಲಿಲ್ಲ. ಅವಳ ಬಾಯಿಗೆ ಬೀಗವೇ ಇಲ್ಲ; ಅಜ್ಜಿ ಅವಳನ್ನು ಚಿನಕುರುಳಿ ಅಂತಲೇ ಕರೆಯುತ್ತಿದ್ದಳು. ಚಿಂತೆಯೆಲ್ಲ ದೊಡ್ಡವಳದು. ತಾಯಿ ಆಸ್ಪತ್ರೆಗೆ ಹೋದಾಗಿನಿಂದ ಕೇಳಿದ್ದಕ್ಕಷ್ಟೇ ಉತ್ತರ, ಬಡಿಸಿದ್ದರಲ್ಲಿ ಅರ್ಧ ಊಟ. ಹಿಮದ ಶೀಶೆ ಮಾಡೋಣ ಎಂದು ಬಾಯಿಬಿಟ್ಟು ಕೇಳಿದ್ದೊಂದೇ ಅವಳಾಗಿ ಆಡಿದ ಮಾತು.

"ಅಲುಗಾಡಿಸಿದ್ರೆ ಒಳಗೆ ಹಿಮ ಬೀಳ್ಬೇಕು ಅಜ್ಜಿ. ಟೀಚರ್ ಹೇಳ್ಕೊಟ್ಟಿದಾರೆ."

"ಹೊರಗೆ ಬಿದ್ದಿರೋದು ಸಾಲ್ದೇನೇ?"

"ಆಸ್ಪತ್ರೆ ಕಿಟಕಿ ಎದುರು ಬರೀ ಗೋಡೆ ಇದೆಯಂತೆ. ಅಮ್ಮಂಗೆ ಏನೂ ಕಾಣಲ್ಲ. ನಮ್ಮನ್ನೂ ಒಳಗೆ ಬಿಡಲ್ಲ."

ಅಜ್ಜಿ ಎದ್ದು ಒಲೆ ಹಚ್ಚಿದಳು. ಕಾಯಿಸಿದ ನೀರನ್ನು ಆರಲು ಇಟ್ಟಳು. ಚಿನಕುರುಳಿ ಮೊಟ್ಟೆಯ ಚಿಪ್ಪುಗಳನ್ನು ಲಟ್ಟಣಿಗೆಯಲ್ಲಿ ಅರೆದಳು.

"ನೋಡಜ್ಜಿ, ಎಷ್ಟೊಂದು ಹಿಮ!"

"ಅರ್ಧ ಹಿಮ ನಿನ್ನ ಮೂಗಿನ ಮೇಲೇ ಬಿದ್ದಿದೆ, ಒರೆಸ್ಕೋ."

ದೊಡ್ಡವಳು ಮಾತ್ರ ತಲೆ ಎತ್ತಲಿಲ್ಲ. ಮೇಣದಬತ್ತಿಯ ತುಂಡುಗಳನ್ನು ಬೆರಳಲ್ಲಿ ಮಿದುಗೊಳಿಸಿ ಒಂದು ಹೆಣ್ಣುಬೊಂಬೆ ಮಾಡಿದ್ದಳು. ಅದಕ್ಕೆ ಕೆಂಪು ಮೇಣದ ಕೋಟು, ಕುತ್ತಿಗೆಯವರೆಗೂ ಮುಚ್ಚಿದ್ದು. ಮುಚ್ಚಳದ ಒಳಮೈಗೆ ಅಂಟು ಹಚ್ಚಿ ಬೊಂಬೆಯನ್ನು ನಿಲ್ಲಿಸುತ್ತಾ, ತನಗೆ ತಾನೇ ಎಂಬಂತೆ ಅಂದಳು: "ಈ ಸಲ ಕೋಟು ಹಾಕ್ಕೊಂಡಿದಾಳೆ."

ಅಜ್ಜಿಯ ಕಿವಿಗೆ ಅದು ಬಿತ್ತು. ಈ ಸಲ ಅಂದರೆ? ಅಜ್ಜಿ ಬೊಂಬೆ ವಾಲದಂತೆ ಮುಚ್ಚಳವನ್ನು ಹಿಡಿದುಕೊಂಡಳು.

ಅಂಟು ಒಣಗಿತು. ಆರಿದ ನೀರನ್ನು ಶೀಶೆಗೆ ತುಂಬಿ, ಚಿಪ್ಪಿನ ಪುಡಿ ಹಾಕಿ ನೋಡಿದರೆ ಅದು ದಬದಬನೆ ತಳಕ್ಕಿಳಿಯಿತು.

"ಇದು ಹಿಮ ಅಲ್ಲ, ಆಲಿಕಲ್ಲು!" ಎಂದಳು ಚಿನಕುರುಳಿ.

"ಗ್ಲಿಸರಿನ್ ಹಾಕ್ಬೇಕಂತೆ," ದೊಡ್ಡವಳ ಮುಖ ಬಾಡಿತು. "ನೀರು ಮಂದ ಆದ್ರೆ ನಿಧಾನ ಬೀಳುತ್ತಂತೆ."

"ನೀರು ಮಂದ ಮಾಡೋಕೆ ಅಂಗಡಿಗೆ ಹೋಗ್ಬೇಕೇನೇ? ಜೀವಮಾನವೆಲ್ಲ ನಾನು ಮಾಡಿದ್ದೇನು ಮತ್ತೆ!"

ಅಜ್ಜಿ ಹುರುಪಿನಿಂದ ಎದ್ದು ಬಟ್ಟೆಯ ಗಂಜಿಪುಡಿಯ ಡಬ್ಬಿ ತಂದಳು. ಒಂದು ಚಮಚ ಹಾಕಿದಳು. ಶರಟಿನ ಕಾಲರು ಗರಿಗರಿಯಾಗಲು ಇನ್ನೊಂದು ಬೇಕು ಎಂಬ ಹಳೆಯ ರೂಢಿಯಲ್ಲಿ ಇನ್ನೊಂದನ್ನೂ ಸುರಿದಳು. ಮುಚ್ಚಳ ಬಿಗಿದು, ಶೀಶೆಯನ್ನು ತಲೆಕೆಳಗು ಮಾಡಿ ದೊಡ್ಡವಳ ಕೈಗಿತ್ತಳು. ಅವಳು ಅಲುಗಾಡಿಸಿದಳು.

ಶೀಶೆಯ ತುಂಬ ಹಾಲು ತುಂಬಿದ ಹಾಗಾಯಿತು. ಹಿಮವೂ ಇಲ್ಲ, ಕೆಂಪು ಕೋಟೂ ಇಲ್ಲ. ದೊಡ್ಡವಳು ಅದನ್ನು ಕಣ್ಣಿನ ಹತ್ತಿರ ಹಿಡಿದು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು.

"ಅಮ್ಮ ಎಲ್ಲಿ?"

"ಒಳಗೇ ಇದಾಳೆ ಕಣೇ. ಕೊಡಿಲ್ಲಿ, ನೀರು ಬದಲಾಯಿಸ್ತೀನಿ."

"ಬೇಡ! ಮುಟ್ಬೇಡ ಅಜ್ಜಿ, ಬಿದ್ದುಬಿಡ್ತಾಳೆ!" ಶೀಶೆಯನ್ನು ಎದೆಗವಚಿಕೊಂಡು ಹುಡುಗಿ ಬಿಕ್ಕಿದಳು. "ಆವತ್ತೂ ನಾನೇ... ಮೊದಲ್ನೇ ಹಿಮ ಬಿದ್ದ ದಿನ ಗೋಡೆ ಹಿಂದೆ ಬಚ್ಚಿಟ್ಕೊಂಡಿದ್ದೆ. ಅಮ್ಮ ಕೂಗಿದ್ರೂ ಓ ಅನ್ಲಿಲ್ಲ. ಕೋಟೂ ಹಾಕ್ದೆ, ಮನೆ ಚಪ್ಪಲೀಲೇ ಬಂದು ಹುಡುಕಿದ್ಲು. ನನ್ನಿಂದಾನೇ ಹೀಗಾಯ್ತು."

ಹಾಗೆಲ್ಲ ಅನ್ನಬಾರದು ಎಂದು ಸುಲಭವಾಗಿ ಹೇಳಿಬಿಡಬಹುದಿತ್ತು. ಅಂಥ ಮಾತು ಎಣ್ಣೆ ಸವರಿದ ಮೈಮೇಲಿನ ನೀರಿನಂತೆ ಜಾರಿಹೋಗುತ್ತದೆ ಎಂದು ಅಜ್ಜಿಗೆ ಗೊತ್ತು. ಅವಳು ಕುರ್ಚಿ ಎಳೆದು ಎದುರಿಗೆ ಕೂತಳು.

"ನನ್ನ ಮಾತು ಪೂರ್ತಿ ಕೇಳು. ಹಿಮ ಬೀಳೋಕೆ ಮುಂಚೆ ನಿಮ್ಮಮ್ಮ ಒಂದಿನ ಇದೇ ಕುರ್ಚಿ ಮೇಲೆ ಕೂತು ಹೊಲೀತಿದ್ಲು. ಸೂಜಿಗೆ ದಾರ ಪೋಣಿಸೋಕೆ ಆಗ್ದೆ ನನ್ನ ಕೈಗೆ ಕೊಟ್ಲು. ಬೆಕ್ಕು ಯಾವ್ದು ನಾಯಿ ಯಾವ್ದು ಕಾಣದ ನನ್ನ ಕೈಗೆ! ಏನಪ್ಪಾ ಇದು ಅಂತ ಅವಳ ಕೈ ಹಿಡಿದು ನೋಡಿದ್ರೆ ಕಾದ ಇಸ್ತ್ರಿಪೆಟ್ಟಿಗೆ. ಮಾತಿಗೊಂದು ಕೆಮ್ಮು. ಡಾಕ್ಟರ ಹತ್ರ ಹೋಗೇ ತಾಯಿ ಅಂದೆ. ಈ ಬಟ್ಟೆ ಒಪ್ಪಿಸಿ ಹೋಗ್ತೀನಿ ಅಜ್ಜಿ ಅಂದ್ಲು. ಜ್ವರ ಹಿಮಕ್ಕಿಂತ ಮೊದಲೇ ಬಂದಿತ್ತು ಕಣೇ. ನೀನು ಬಚ್ಚಿಟ್ಕೊಳ್ಳೋಕೆ ಮೊದಲೇ."

ಹುಡುಗಿ ಅಜ್ಜಿಯ ಮುಖವನ್ನೇ ನೋಡಿದಳು. "ಸಮಾಧಾನಕ್ಕೆ ಹೇಳ್ತಿದೀಯಾ?"

"ನನಗೆಲ್ಲಿ ಬರುತ್ತೆ ಅದು? ಮೊನ್ನೆ ನೀನು ಕುದುರೆ ಬರೆದಾಗ ಏನಂದೆ?"

"ಎಮ್ಮೆ ಥರ ಇದೆ ಅಂದೆ," ಚಿನಕುರುಳಿ ನೆನಪಿಸಿದಳು.

ದೊಡ್ಡವಳ ಬಿಕ್ಕಳಿಕೆಯ ನಡುವೆ ಒಂದು ನಗು ಸಿಕ್ಕಿಹಾಕಿಕೊಂಡು ಹೊರಬಂತು. ಅಜ್ಜಿ ಸೆರಗಿನಿಂದ ಅವಳ ಮೂಗು ಒರೆಸಿದಳು.

"ಇನ್ನು ಈ ಶೀಶೆ. ಇದು ಹಸಿ ಗಂಜಿ, ಬೇಯಿಸಿದ್ದಲ್ಲ. ಲಾಂಡ್ರೀಲಿ ಬಕೆಟ್ಟಿಗೆ ಕಲಸಿಟ್ಟು ಮರೆತುಬಿಟ್ರೆ ಬೆಳಿಗ್ಗೆಗೆಲ್ಲ ತಳದಲ್ಲಿ ಕೂತಿರೋದು. ಅದಕ್ಕೆ ನಾನು ಬೈಸಿಕೊಂಡಿದ್ದು ಅಷ್ಟಿಷ್ಟಲ್ಲ. ಯಾರೂ ಮುಟ್ದೆ ಬಿಟ್ರೆ ಸಾಕು."

ಶೀಶೆ ಕಿಟಕಿಯ ಕಟ್ಟೆ ಏರಿತು. ದೊಡ್ಡವಳು ಅಂದು ತಟ್ಟೆ ಖಾಲಿ ಮಾಡಿ, ಇನ್ನಷ್ಟು ಹಾಕು ಎಂದಳು. ಬಡಿಸುವಾಗ ಅಜ್ಜಿಯ ಕೈ ತಾನಾಗಿಯೇ ಧಾರಾಳವಾಯಿತು.

ಬೆಳಿಗ್ಗೆ ಅಜ್ಜಿಗೆ ಕಿಟಕಿಯತ್ತ ಹೋಗಲು ಕಾಲೇ ಬರಲಿಲ್ಲ. ಚಿಪ್ಪಿನ ಪುಡಿ ಬೆರೆತ ಗಂಜಿ ಹೇಗೆ ಕೂರುತ್ತದೋ ಯಾರು ಬಲ್ಲರು! ಅಷ್ಟರಲ್ಲಿ ಅಲ್ಲಿಂದ ದೊಡ್ಡವಳ ದನಿ ಕೇಳಿತು.

"ಇದಾಳೆ."

ನೀರು ಕನ್ನಡಿಯಂತೆ ತಿಳಿಯಾಗಿತ್ತು. ಕೆಂಪು ಕೋಟಿನವಳು ಮೊಣಕಾಲುದ್ದ ಬೆಳ್ಳಗಿನ ಹಿಮದಲ್ಲಿ ನೆಟ್ಟಗೆ ನಿಂತಿದ್ದಳು.

ತಂದೆ ಬಂದು ಶೀಶೆಯನ್ನು ತುಂಬಿದ ಕೊಡದಂತೆ ಎರಡೂ ಕೈಯಲ್ಲಿ ಹಿಡಿದು ಒಯ್ದ. ಸಂಜೆ ಬಂದು ಬಾಗಿಲಲ್ಲೇ ನಿಂತು ಹೇಳಿದ, "ದಾರೀಲಿ ಕುಲುಕಿ ಎಲ್ಲಾ ಕದಡಿಹೋಯ್ತು ಅಜ್ಜಿ. ಆದ್ರೂ ಅವಳು ಹಾಸಿಗೆ ಪಕ್ಕ ಇಟ್ಕೊಂಡು ದಿನವಿಡೀ ಕಾದ್ಲು. ಈಗ ಕೆಂಪು ಕೋಟು ಕಂಡಿತಂತೆ."

"ಚಾಲಕನ ಕೈಗುಣ ನೋಡಪ್ಪ! ಒಂದು ಶೀಶೆ ಕುಲುಕದ ಹಾಗೆ ಒಯ್ಯೋಕೆ ಬರಲ್ಲ, ಊರ ಜನಾನೆಲ್ಲ ಹೊತ್ಕೊಂಡು ಓಡಾಡ್ತಾನೆ," ಎಂದು ಅಜ್ಜಿ ನಕ್ಕಳು. ಕಣ್ಣಲ್ಲಿ ನೀರಿತ್ತು.

ಆ ವಾರವೆಲ್ಲ ಆಸ್ಪತ್ರೆಯ ಸುದ್ದಿ ಅದೇ ಆಯಿತು: ತಾಯಿ ರಾತ್ರಿ ಶೀಶೆ ಅಲುಗಾಡಿಸಿಟ್ಟು ಮಲಗುವುದು, ಬೆಳಿಗ್ಗೆ ಕೋಟು ಕಂಡಿತೇ ಎಂದು ನೋಡುವುದು. ಪಕ್ಕದ ಮಂಚದ ಮುದುಕಿ ಕಣ್ಣುಬಿಟ್ಟ ಕೂಡಲೇ "ನಿನ್ನ ಕೋಟಿನವಳು ಎದ್ಲೇನಮ್ಮಾ?" ಎಂದು ಕೇಳುತ್ತಿದ್ದಳಂತೆ. ಜ್ವರ ಇಳಿಯಿತು. ಎದೆ ಹಗುರಾಯಿತು. ಒಂದು ದಿನ ತಾಯಿಯೇ ಫೋನು ಮಾಡಿದಳು.

"ಅಜ್ಜಿ, ನಿನ್ನ ಋಣ ಯಾವ ಜನ್ಮದಲ್ಲಿ ತೀರಿಸ್ಲಿ?"

"ಸುಮ್ನಿರೇ. ಬೇಗ ಬಂದು ಈ ಚಿನಕುರುಳೀನ ಕರ್ಕೊಂಡು ಹೋಗು, ನನ್ನ ಕಿವಿ ಉಳಿದ್ರೆ ಸಾಕು."

ಋಣ ಯಾರದು ಯಾರಿಗೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಜ್ಜಿ ಫೋನನ್ನು ಚಿನಕುರುಳಿಯ ಕೈಗಿತ್ತಳು.

ಅವಳು ಬಂದಳು, ಬಡಕಲಾಗಿ, ನಗುತ್ತಾ. ಮಕ್ಕಳು ಅವಳ ಎರಡೂ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿಕೊಂಡು ಹೋದರು. ಅಜ್ಜಿ ಒಳಗೆ ಬಂದು ಮಕ್ಕಳು ಮಲಗಿದ್ದ ಹಾಸಿಗೆಯ ದುಪ್ಪಟಿಗೆ ಕೈ ಹಾಕಿದಳು. ಮಧ್ಯದಲ್ಲಿ ಎರಡು ಸಣ್ಣ ತಗ್ಗು, ಸುತ್ತಲೂ ಸುಕ್ಕು. ಸುಕ್ಕು ಕಂಡಲ್ಲಿ ಎಳೆದು ಸರಿಮಾಡದೆ ಬಿಟ್ಟ ಕೈಯಲ್ಲ ಅದು. ಅಂದು ಮಾತ್ರ ತಗ್ಗಿನ ಮೇಲೆ ಅಂಗೈ ಊರಿ ಸುಮ್ಮನೆ ಕೂತಳು. ಮಕ್ಕಳು ಹೋದದ್ದು ಗುರುವಾರ, ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ.